ಒಬ್ಬಳೇ ಹೊಸ ಊರಿಗೆ ಹೋದಾಗ ಮನೆಗಿಂತ ಮೊದಲು ಬೀದಿ ಹುಡುಕಿದೆ

ಕೆಲಸಕ್ಕಾಗಿ ಹೋಗಬೇಕಾದ ಊರಲ್ಲಿ ನನಗೆ ಪರಿಚಯದವರು ಒಬ್ಬರೂ ಇರಲಿಲ್ಲ. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮನೆ ಗೊತ್ತುಮಾಡಿಕೋ ಎಂದು ಹಲವರು ಹೇಳಿದರು. ನಾನು ಹಾಗೆ ಮಾಡಲಿಲ್ಲ. ಫೋಟೋದಲ್ಲಿ ಗೋಡೆ, ನೆಲ, ಕಿಟಕಿ ಕಾಣುತ್ತವೆ. ಪಕ್ಕದ ರಸ್ತೆಯ ಸದ್ದು ಕೇಳುವುದಿಲ್ಲ, ತೇವದ ವಾಸನೆ ಬರುವುದಿಲ್ಲ. ಮೊದಲು ತಿಂಗಳ ಲೆಕ್ಕದಲ್ಲಿ ಸಿಗುವ ಒಂದು ಕೋಣೆ ಹಿಡಿದೆ. ಆ ಕೋಣೆಗೆ ಬಾಡಿಗೆ ಜಾಸ್ತಿಯೇ. ಆದರೆ ಒಗ್ಗದ ಮನೆಗೆ ವರ್ಷದ ಕರಾರು ಬರೆದುಕೊಟ್ಟು ನಡುವೆ ಬಿಡಬೇಕಾದರೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೇವೆ.

ಮೊದಲು ಅಳೆದದ್ದು ಓಡಾಟ. ಕಿಲೋಮೀಟರ್ ಅಲ್ಲ, ನಿಮಿಷ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರ ಒಂದು ಲೇಖನದಲ್ಲಿ, ಕಾಲ ಯಾವುದೇ ಇರಲಿ, ವಾಹನ ಯಾವುದೇ ಇರಲಿ, ಜನ ದಿನಕ್ಕೆ ಸರಾಸರಿ 1 ಗಂಟೆಯಷ್ಟನ್ನೇ ಓಡಾಟಕ್ಕೆ ಕೊಡುತ್ತಾರೆ ಎಂದು ವಾದಿಸಿದ್ದರು. ನಾನು ಅದನ್ನೇ ಗಡಿಯಾಗಿ ಇಟ್ಟುಕೊಂಡೆ: ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಮ್ಯಾಪ್‌ನಲ್ಲಿ ಹೊರಡುವ ಸಮಯವನ್ನು ಕೆಲಸದ ದಿನದ ಬೆಳಗ್ಗೆಗೆ ಬದಲಿಸಿ ನೋಡಿದೆ. ಕಚೇರಿಗೆ ಹತ್ತಿರ ಎನಿಸಿದ ಕೆಲವು ಬಡಾವಣೆಗಳು ಆಗಲೇ ಬಿಟ್ಟುಹೋದವು. ರೈಲು ಮಾರ್ಗದ ಮೇಲಿದ್ದ ದೂರದ ಒಂದೆರಡು ಒಳಗೆ ಬಂದವು. ಆಮೇಲೆ ಜನ ಕೆಲಸಕ್ಕೆ ಹೊರಡುವ ಹೊತ್ತಿಗೇ ಆ ದಾರಿಗಳಲ್ಲಿ ಹೋಗಿ ಬಂದೆ.

ದೂರವಾದರೂ ಪರವಾಗಿಲ್ಲ, ದೊಡ್ಡ ಮನೆ ಸಿಗುತ್ತಲ್ವಾ ಎಂದು ಅನಿಸುವುದು ಸಹಜ. ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಜನರ ಮಾಹಿತಿಯನ್ನು ಇಟ್ಟುಕೊಂಡು ಇದನ್ನೇ ನೋಡಿದ್ದರು. ಕೆಲಸಕ್ಕೆ ಹೆಚ್ಚು ಹೊತ್ತು ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಒಳ್ಳೆಯ ಮನೆ, ಹೆಚ್ಚು ಸಂಬಳ ಆ ಕೊರತೆಯನ್ನು ತುಂಬಿರಲಿಲ್ಲ. ಒಬ್ಬರೇ ಇರುವವರಿಗೆ ಇದು ಇನ್ನೂ ಮುಖ್ಯ ಎಂದು ನನ್ನ ಅಭಿಪ್ರಾಯ. ತಡವಾಗಿ, ಸುಸ್ತಾಗಿ ಬಂದರೆ ಮನೆಯ ಕೆಲಸಕ್ಕೆ ಕೈಜೋಡಿಸಲು ಬೇರೆ ಯಾರೂ ಇರುವುದಿಲ್ಲ.

ಹೆಚ್ಚು ಸಮಯ ಕೊಟ್ಟಿದ್ದು ಬೀದಿ ನೋಡುವುದಕ್ಕೆ. ಮನೆ ತೋರಿಸುವವರು ಹಗಲು ಹೊತ್ತು ಕರೆಯುತ್ತಾರೆ. ನಾನು ಕತ್ತಲಾದ ಮೇಲೆ ಸುಮ್ನೆ ಮತ್ತೆ ಹೋಗುತ್ತಿದ್ದೆ. ಬಸ್ಸಿಳಿದು ಬಾಗಿಲವರೆಗೆ ನಡೆಯುವಾಗ ಬೀದಿದೀಪ ಉರಿಯುತ್ತಿದೆಯಾ? ಹೆಂಗಸರು, ವಯಸ್ಸಾದವರು ಆ ಹೊತ್ತಿನಲ್ಲಿ ಆರಾಮಾಗಿ ಓಡಾಡುತ್ತಿದ್ದಾರಾ? ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಜ್ವರ ಬಂದು ಮಲಗಿದರೆ ಔಷಧಿ ಅಂಗಡಿಗೆ ನಾನೇ ನಡೆದು ಹೋಗಬೇಕು. ಹಾಗಾಗಿ ಔಷಧಿ, ದಿನಸಿ, ವೈದ್ಯರು ಈ ಮೂರೂ 10 ನಿಮಿಷದ ನಡಿಗೆಯೊಳಗೆ ಇರಲೇಬೇಕು ಎಂದು ಪಟ್ಟು ಹಿಡಿದೆ. ಹತ್ತಿರದಲ್ಲಿ ಒಂದು ಪಾರ್ಕೋ ಗ್ರಂಥಾಲಯವೋ ಇದ್ದರೆ ಇನ್ನೂ ಒಳ್ಳೆಯದು. ದಿನಾ ಕಾಣುವ ಮುಖಗಳು ಪರಿಚಯವಾಗುವುದು ಅಲ್ಲೇ.

ಬೀದಿ ಒಪ್ಪಿಗೆಯಾದ ಮೇಲೆ ಮನೆ ಆರಿಸುವುದು ಸುಲಭವಾಯಿತು. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದೆ. ಗೋಡೆಯಲ್ಲಿ ಒಂದೇ ಕಡೆ ಹೊಸ ಬಣ್ಣ ಕಂಡರೆ ಕೈಯಿಟ್ಟು ನೋಡುತ್ತಿದ್ದೆ, ಕೆಳಗೆ ತೇವ ಇರಬಹುದು. ಮೇಲಿನ ಮಹಡಿಯಾದರೆ ಸಂಜೆಯ ಹೊತ್ತಿಗೆ ಹೋಗಬೇಕು, ಏಕೆಂದರೆ ಹಗಲೆಲ್ಲ ಕಾದ ಛಾವಣಿ ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ. ಮಲಗುವ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಐದು ನಿಮಿಷ ಮಾತಾಡದೆ ನಿಂತೆ. ನಿದ್ದೆ ಕೆಡದಿರಲು ಮಲಗುವ ಕೋಣೆಯ ಸದ್ದು 30 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅದು ಪಿಸುಮಾತಿನಷ್ಟು ಸದ್ದು. ಊರಿನ ನಡುವೆ ಅಷ್ಟು ಸಿಗುವುದು ಕಷ್ಟ. ಆದರೂ ರಸ್ತೆ ಕಡೆಯ ಕೋಣೆಗೂ ಹಿಂಬದಿಯ ಕೋಣೆಗೂ ಎಷ್ಟು ವ್ಯತ್ಯಾಸ ಎಂದು ನಿಂತರೆ ತಿಳಿಯುತ್ತದೆ. ನಾನು ಹಿಂಬದಿಯ ಚಿಕ್ಕ ಮನೆಯನ್ನೇ ಆರಿಸಿದೆ.

ಮನೆ ಬಿಟ್ಟು ಹೋಗುತ್ತಿರುವವರು ಸಿಕ್ಕರೆ ತಪ್ಪದೆ ಮಾತಾಡಿಸಿ. "ಯಾಕೆ ಬಿಡ್ತಾ ಇದ್ದೀರಿ?" ಎಂದು ಕೇಳಿದರೆ ಬ್ರೋಕರ್ ಹೇಳದ ಸಂಗತಿ ಅವರು ಹೇಳುತ್ತಾರೆ.

ಮನೆಯನ್ನು ಕಣ್ಣಾರೆ ನೋಡದೆ, ಬಾಡಿಗೆಗೆ ಕೊಡುತ್ತಿರುವವರೇ ಮಾಲೀಕರು ಎಂದು ಖಚಿತವಾಗದೆ ಹಣ ಕೊಡಬೇಡಿ, ಎಷ್ಟೇ ಅವಸರ ಮಾಡಿದರೂ ಸರಿ. ಅಡ್ವಾನ್ಸ್ ಯಾವಾಗ ವಾಪಸ್ ಬರುತ್ತದೆ, ಅದರಲ್ಲಿ ಏನನ್ನು ಹಿಡಿದುಕೊಳ್ಳಬಹುದು, ಬಿಡುವ ಮುನ್ನ ಎಷ್ಟು ದಿನ ಮೊದಲು ಹೇಳಬೇಕು, ಇವೆಲ್ಲ ಕರಾರಿನಲ್ಲೇ ಇರಬೇಕು. ಕೀಲಿ ಕೈಗೆ ಬಂದ ದಿನವೇ ಮೀಟರ್ ರೀಡಿಂಗ್‌ನ ಫೋಟೋ, ಮೊದಲೇ ಇದ್ದ ಬಿರುಕು, ಕಲೆಗಳ ಫೋಟೋ ತೆಗೆದು ಮಾಲೀಕರಿಗೆ ಕಳಿಸಿದೆ. ಅವರ ಒಪ್ಪಿಗೆ ಪಡೆದು ಮುಂಬಾಗಿಲ ಬೀಗ ಬದಲಿಸಿದೆ. ಒಂದು ಕೀಲಿಯನ್ನು ಕಚೇರಿಯ ಮೇಜಿನ ಡ್ರಾಯರ್‌ನಲ್ಲಿ ಇಟ್ಟೆ. ಪಕ್ಕದ ಮನೆಯವರು ಚೆನ್ನಾಗಿ ಪರಿಚಯವಾದ ಮೇಲೆ ಇನ್ನೊಂದನ್ನು ಅವರಿಗೆ ಕೊಟ್ಟು, ನಮ್ಮೂರಲ್ಲಿರುವ ನನ್ನ ಅಕ್ಕನ ನಂಬರನ್ನೂ ಬರೆದುಕೊಟ್ಟೆ.