ನಮ್ಮ ಮನೆ ಫೈರ್‌ಪ್ಲೇಸ್‌ಗೆ ಕ್ರಿಸ್ಮಸ್ ಸಿಂಗಾರ

ಅಮೆರಿಕದ ಮಿನೆಸೋಟಾದ ಈ ಮನೆಗೆ ಬಂದ ಮೊದಲ ಡಿಸೆಂಬರಿನಲ್ಲಿ ಫೈರ್‌ಪ್ಲೇಸ್ ಮೇಲೆ ಎರಡು ಉದ್ದನೆಯ ಕೆಂಪು ಮೇಣದಬತ್ತಿ ಇಟ್ಟಿದ್ದೆ. ಹಚ್ಚಿರಲಿಲ್ಲ, ಸುಮ್ನೆ ಅಂದಕ್ಕೆ. ಕೆಳಗೆ ಗ್ಯಾಸ್ ಬೆಂಕಿ ಹಾಕಿಕೊಂಡು ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಸೊಂಟ ಬಗ್ಗಿಸಿ ನಿಂತಿದ್ದವು. ಅದೇ ರಾತ್ರಿ ಸ್ಟಾಕಿಂಗ್ (ಕ್ರಿಸ್ಮಸ್ ಉಡುಗೊರೆ ತುಂಬುವ ಕಾಲುಚೀಲ) ತೂಗುಹಾಕಿದ್ದ ಅಂಟು ಹುಕ್ಕುಗಳೂ ಒಂದೊಂದಾಗಿ ಕಳಚಿ ಬಿದ್ದವು. ಆಮೇಲೆ ಪೊಟ್ಟಣ ತಿರುಗಿಸಿ ನೋಡಿದರೆ, 105 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜಾಗದಲ್ಲಿ ಅಂಟಿಸಬೇಡಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ತಪ್ಪು ನನ್ನದೇ. ಅಗ್ಗಿಷ್ಟಿಕೆ ಅನ್ನೋದನ್ನು ನಾನು ಪುಸ್ತಕದಲ್ಲಿ ಓದಿದ್ದೆ ಅಷ್ಟೆ. ಮೈಸೂರಿನ ಮನೆಯಲ್ಲಿ ಇದ್ದದ್ದು ಬಚ್ಚಲ ಹಂಡೆ ಒಲೆ. ಅದರ ಮೇಲೆ ಯಾರೂ ಅಲಂಕಾರ ಮಾಡಲ್ಲ ಅಲ್ವಾ? ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದೂ ಅದನ್ನೇ: "ಏನೇ ಇದು, ಒಲೆ ಮೇಲೆ ತೋರಣ ಕಟ್ಟಿದೀಯಾ?"

ಮುಂದಿನ ವರ್ಷ ಏನನ್ನೂ ಕೊಳ್ಳುವ ಮೊದಲು ಅಡುಗೆಮನೆಯ ಥರ್ಮಾಮೀಟರ್ ತಂದು ಹಲಗೆ ಮೇಲೆ ಇಟ್ಟೆ. ಇಲ್ಲಿ ಆ ಹಲಗೆಗೆ ಮ್ಯಾಂಟಲ್ ಅಂತಾರೆ. ನಮ್ಮದು ಆರು ಅಡಿ ಉದ್ದ, ಎಂಟು ಇಂಚು ಅಗಲ. ಮುಕ್ಕಾಲು ಗಂಟೆ ಬೆಂಕಿ ಉರಿದ ಮೇಲೆ ಮುಂದಿನ ಅಂಚಿನ ಮಧ್ಯಭಾಗ 150 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಗೋಡೆ ಪಕ್ಕ ಎಷ್ಟೋ ಕಡಿಮೆ, ಎರಡು ತುದಿಗಳು ಸುಮಾರಾಗಿ ತಣ್ಣಗೆ. ಬಿಸಿ ಗಾಳಿ ಫೈರ್‌ಪ್ಲೇಸ್ ಬಾಯಿಯಿಂದ ಹೊರಬಂದು ಅಂಚನ್ನು ಸವರಿಕೊಂಡೇ ಮೇಲೆ ಹೋಗುತ್ತೆ. ಸರಿ, ಮುಂದಿನ ಅಂಚು ಬೆಂಕಿಯದು, ಹಿಂದಿನ ನಾಲ್ಕು ಇಂಚು ನನ್ನದು ಅಂತ ಪಾಲು ಮಾಡಿಕೊಂಡೆ. ಪತ್ರಿಕೆ ಚಿತ್ರಗಳಲ್ಲಿ ಎಲೆಮಾಲೆ ಅಂಚಿನಿಂದ ಕೆಳಗೆ ಧಾರಾಳವಾಗಿ ಇಳಿಬಿದ್ದಿರುತ್ತೆ. ಚಿತ್ರ ತೆಗೆಯುವಾಗ ಅಲ್ಲಿ ಬೆಂಕಿ ಉರಿಯುತ್ತಿರಲಿಲ್ಲ ಅಂತಲೇ ನನ್ನ ಗುಮಾನಿ.

ಮಾಲೆಯನ್ನು ನಾನೇ ಕಟ್ಟುತ್ತೇನೆ. ಅಂಗಡಿಯ ಪ್ಲಾಸ್ಟಿಕ್ ಮಾಲೆ ಸಾಮಾನ್ಯವಾಗಿ ಒಂಬತ್ತು ಅಡಿ ಇರುತ್ತೆ, ನನ್ನ ಹಲಗೆಗೆ ಜಾಸ್ತಿಯಾಯ್ತು. ಕ್ರಿಸ್ಮಸ್ ಮರ ಮಾರುವ ಜಾಗದಲ್ಲಿ ಕತ್ತರಿಸಿ ಬಿಸಾಡಿದ ಕೆಳಗಿನ ಕೊಂಬೆಗಳನ್ನು ಕೇಳಿದರೆ ಸುಮ್ನೆ ಕೊಟ್ಟುಬಿಡ್ತಾರೆ. ಅದರ ಜೊತೆ ಸ್ವಲ್ಪ ಸೀಡರ್ ಸೊಪ್ಪು ಕೊಳ್ಳುತ್ತೇನೆ. ಒಂದು ರಾತ್ರಿ ಎಲ್ಲವನ್ನೂ ಬಾತ್‌ಟಬ್‌ನಲ್ಲಿ ತಣ್ಣೀರಿಗೆ ಮುಳುಗಿಸಿಡಬೇಕು. ಬೆಳಿಗ್ಗೆ ನೀರು ಕೊಡವಿ, ಆರಿಂಚಿನ ಕಡ್ಡಿಗಳಾಗಿ ಕತ್ತರಿಸಿ, ಮೂರೋ ನಾಲ್ಕೋ ಸೇರಿಸಿ ಹಿಡಿ ಮಾಡಿಕೊಳ್ಳಬೇಕು. ಸೆಣಬಿನ ಹಗ್ಗಕ್ಕೆ ಸಣ್ಣ ಹಸಿರು ತಂತಿಯಿಂದ ಒಂದು ಹಿಡಿ ಬಿಗಿದು, ಅದರ ಬುಡ ಮುಚ್ಚುವ ಹಾಗೆ ಮುಂದಿನ ಹಿಡಿ. ಹೂ ಕಟ್ಟಿ ಗೊತ್ತಿದ್ದವರಿಗೆ ಇದು ಕೈಗೆ ತಾನಾಗಿ ಬರುತ್ತೆ. ಹೆಬ್ಬೆರಳು ಹಿಂದಿನ ಗಂಟಿನ ಮೇಲೆ ಕೂತಿರಬೇಕು, ಬಿಟ್ಟರೆ ಸಡಿಲ. ಬಾಳೆನಾರಿನ ಹಾಗೆ ತಂತಿ ಬಾಗಲ್ಲ, ಬೆರಳು ಕುಯ್ಯುತ್ತೆ ಅನ್ನೋದೊಂದೇ ಕಷ್ಟ.

ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಕಟ್ಟಿಕೊಂಡು ಹೋಗಬೇಡಿ. ಎಲೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ, ಗಾಳಿಗೆ ಸಿಕ್ಕಿದ ಹಾಗೆ ಕಾಣುತ್ತೆ. ಎರಡೂ ತುದಿಯಿಂದ ಶುರು ಮಾಡಿ ನಡುವೆ ಸೇರಿಸಿ. ಸೇರಿದ ಕಡೆ ಬುಡಗಳು ಕಾಣುತ್ತವಲ್ಲ, ಅಲ್ಲಿಗೆ ನಾಲ್ಕು ಪೈನ್ ಕಾಯಿ ಬಿಗಿದರೆ ಆಯಿತು. ಕೈಗೆ ಹತ್ತಿದ ಮೇಣದಂಥ ಅಂಟು ಸೋಪಿಗೆ ಬಗ್ಗಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ.

ಮಾಲೆಗೆ ಕಟ್ಟಲು ಕಿತ್ತಳೆ ಬಿಲ್ಲೆಗಳನ್ನು ಕಾಲಿಂಚು ದಪ್ಪಕ್ಕೆ ಕೊಯ್ದು, ಬಟ್ಟೆಯಲ್ಲಿ ಒತ್ತಿ, ಓವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ಗೆ ನಾಲ್ಕೈದು ಗಂಟೆ ಒಣಗಿಸುತ್ತೇನೆ. ಆಗಾಗ ತಿರುವಿ ಹಾಕಬೇಕು. ಅವಸರಕ್ಕೆ ಶಾಖ ಏರಿಸಿದ ವರ್ಷ ಹಪ್ಪಳ ಸೀದ ಬಣ್ಣ ಬಂದಿತ್ತು. ಜೊತೆಗೆ ದಾಲ್ಚಿನ್ನಿ ಕಟ್ಟೋಣ ಅಂತ ಇಂಡಿಯನ್ ಅಂಗಡಿಯ ಚಕ್ಕೆ ತಂದರೆ ಅದು ಚಪ್ಪಟೆ, ಒಡೆದ ಹೆಂಚಿನ ಚೂರಿನ ಹಾಗೆ. ಅದು ಪಲಾವಿಗೆ ಹೋಯಿತು. ಸುರುಳಿ ದಾಲ್ಚಿನ್ನಿಯನ್ನೇ ಹುಡುಕಿ ತರಬೇಕಾಯಿತು.

ಜೋಡಿಸುವಾಗ ನನ್ನ ಹಳೇ ಚಾಳಿ ಅಡ್ಡ ಬಂತು. ನಡುವೆ ದುಂಡು ಕನ್ನಡಿ, ಎರಡೂ ಪಕ್ಕ ಒಂದೇ ಎತ್ತರದ ಪುಟ್ಟ ಅಲಂಕಾರದ ಮರ, ಒಂದೇ ಎತ್ತರದ ದೀಪ. ಮಗಳು ಬಂದು, "ಅಮ್ಮಾ, ಗಣಪತಿ ಎಲ್ಲಿ?" ಅಂದಳು. ಹೌದು, ಬಾಳೆಕಂದು ಒಂದಿಲ್ಲ ಅಷ್ಟೆ, ಪಕ್ಕಾ ಗಣೇಶನ ಮಂಟಪ! ಎಲ್ಲ ತೆಗೆದು ಕನ್ನಡಿಯನ್ನು ಎಡಕ್ಕೆ ಸರಿಸಿದೆ. ಎತ್ತರದ ಮರಗಳನ್ನು ಅದರ ಮುಂದೆ ಒತ್ತಾಗಿ ನಿಲ್ಲಿಸಿ, ಬಲಕ್ಕೆ ಹೋದಂತೆ ತಗ್ಗಿಸುತ್ತ ಬಂದೆ. ಬಲಭಾಗದ ಒಂದೂವರೆ ಅಡಿ ಪೂರ್ತಿ ಖಾಲಿ ಬಿಟ್ಟೆ, ಮಾಲೆ ಮಾತ್ರ. ಖಾಲಿ ಬಿಡೋದೇ ನನಗೆ ತುಂಬಾ ಕಷ್ಟವಾಗಿದ್ದು.

ದೀಪಕ್ಕೆ ತೆಳು ತಂತಿಯ ಎಲ್‌ಇಡಿ ಸರ, ಹಳದಿ ಬೆಳಕಿನದು. ಬಿಳಿ ಬೆಳಕಿನದು ತಂದರೆ ಟ್ಯೂಬ್‌ಲೈಟ್ ಹಾಕಿದ ಹಾಗಿರುತ್ತೆ. ಬ್ಯಾಟರಿ ಡಬ್ಬಿ ಕನ್ನಡಿಯ ಹಿಂದೆ, ತಣ್ಣಗಿನ ತುದಿಯಲ್ಲಿ. ಮೇಣದಬತ್ತಿಗಳೂ ಈಗ ಬ್ಯಾಟರಿಯವೇ. ಅವನ್ನೂ ತುದಿಗೇ ಇಡುತ್ತೇನೆ.

ಸ್ಟಾಕಿಂಗ್‌ಗಳಿಗೆ ಭಾರದ ಕಬ್ಬಿಣದ ಹಿಡಿಕೆ ಸಿಗುತ್ತವೆ. ಚಿಕ್ಕ ಮಕ್ಕಳಿರುವ ಮನೆಗೆ ಅವು ಬೇಡ. ಎಳೆದರೆ ಹಿಡಿಕೆಯೇ ತಲೆ ಮೇಲೆ ಬರುತ್ತೆ. ಹೊತ್ತಿಕೊಳ್ಳುವಂಥ ವಸ್ತು ಬೆಂಕಿಯಿಂದ ಮೂರಡಿ ದೂರ ಇರಲಿ ಅಂತ ಇಲ್ಲಿನ ಅಗ್ನಿ ಸುರಕ್ಷತೆಯವರು ಹೇಳುತ್ತಾರೆ. ಹಾಗಾಗಿ ನಮ್ಮ ಮೂರು ಸ್ಟಾಕಿಂಗ್‌ಗಳು ತಿಂಗಳೆಲ್ಲ ಮೆಟ್ಟಿಲ ಕಂಬಿಗೆ ನೇತಾಡುತ್ತವೆ. 24ರ ರಾತ್ರಿ ಬೆಂಕಿ ಆರಿಸಿ, ಫೈರ್‌ಪ್ಲೇಸ್‌ನ ಗಾಜು ಪೂರ್ತಿ ತಣ್ಣಗಾಗಿದೆಯಾ ಅಂತ ನೋಡಿದ ಮೇಲೆ ಮಗಳೇ ಅವನ್ನು ಮ್ಯಾಂಟಲ್‌ಗೆ ತಂದು ಸಿಕ್ಕಿಸುತ್ತಾಳೆ.

ಹಸಿ ಮಾಲೆಯನ್ನು ಡಿಸೆಂಬರ್ 15ಕ್ಕಿಂತ ಮುಂಚೆ ಏರಿಸಲ್ಲ. ದಿನಾ ಒಂದು ಕಡ್ಡಿ ಬಾಗಿಸಿ ನೋಡ್ತೀನಿ. ಪಟ್ ಅಂತ ಮುರಿದರೆ ಆ ದಿನವೇ ಇಳಿಸಿ ಹಿತ್ತಲ ಗೊಬ್ಬರಕ್ಕೆ. ಹೋದ ವರ್ಷ 28ಕ್ಕೇ ಮುರಿಯಿತು. ಹಗ್ಗ, ತಂತಿ, ಪೈನ್ ಕಾಯಿ ಬಿಡಿಸಿ ಗೌರಿಹಬ್ಬದ ಡಬ್ಬಿಯಲ್ಲೇ ಇಟ್ಟಿದ್ದೇನೆ.