ಅಲಾಸ್ಕಾ ಕಡೆ ಮೋಟಾರ್‌ಹೋಮ್ (ಒಳಗೇ ಉಳಿದುಕೊಳ್ಳುವ ವ್ಯವಸ್ಥೆಯಿರುವ ಗಾಡಿ) ಒಯ್ಯುವವರಿಗೆ

ಡಾಲ್ಟನ್ ಹೆದ್ದಾರಿಯಂಥ ಜಲ್ಲಿ ರಸ್ತೆಯಲ್ಲಿ ಎದುರಿಂದ ಲಾರಿ ಕಂಡ ಕೂಡಲೇ ವೇಗ ಇಳಿಸಿ, ಸ್ವಲ್ಪ ಬಲಕ್ಕೆ ಸರಿಯಿರಿ. ತೀರಾ ಅಂಚಿಗೆ ಮಾತ್ರ ಬೇಡ, ಅಲ್ಲಿ ಮಣ್ಣು ಮೆತ್ತಗಿರುತ್ತದೆ. ಲಾರಿ ಚಕ್ರದಿಂದ ಚಿಮ್ಮಿದ ಕಲ್ಲು ಗಾಳಿಯಲ್ಲಿರುವಾಗ ಅದಕ್ಕೆ ಹೋಗಿ ಗುದ್ದುವುದು ನಮ್ಮ ಗಾಡಿಯೂ ಹೌದು ಅಲ್ವಾ? ಗುದ್ದುವ ವೇಗ ಅರ್ಧವಾದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಬಸ್ಸಿನಂಥ ಮೋಟಾರ್‌ಹೋಮಿನ ಮೂತಿ ನೆಟ್ಟಗೆ, ಗಾಜೂ ದೊಡ್ಡದು; ಕಲ್ಲು ಜಾರಿ ಹೋಗುವುದಿಲ್ಲ. ಹೆಡ್‌ಲೈಟಿಗೆ, ಮುಂಭಾಗದ ಪೇಂಟಿಗೆ ದಪ್ಪ ಪಾರದರ್ಶಕ ಫಿಲ್ಮ್ ಅಂಟಿಸಿದರೆ ಸಣ್ಣ ಜಲ್ಲಿಯ ಗೀರು ಕಡಿಮೆಯಾಗುತ್ತದೆ, ದೊಡ್ಡ ಕಲ್ಲಿಗೆ ಅದು ಲೆಕ್ಕಕ್ಕಿಲ್ಲ. ಓವರ್‌ಟೇಕ್ ಮಾಡಿದ ಗಾಡಿ ಎರಚುವ ಕಲ್ಲಿಗೆ ವೇಗ ಇಳಿಸುವ ಈ ಉಪಾಯವೊಂದೇ ಅಷ್ಟು ಸಾಲದು. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಥಟ್ಟನೆ ಬ್ರೇಕ್ ಒತ್ತಬೇಡಿ. ಬಾಡಿಗೆ ಗಾಡಿಯಾದರೆ ಮೊದಲು ಕರಾರು ಓದಿ, ಡಾಲ್ಟನ್‌ಗೆ ಬಿಡದವರೇ ಜಾಸ್ತಿ.