ಸುಡುವುದು ಸುಲಭ, ಕರುಳು ಸರಿಸುವುದೇ ಕಷ್ಟ

ಮಲ್ಪೆ ಕಡೆಯ ಬೋಟ್ ಮಾಲೀಕರೊಬ್ಬರು. 70 ದಾಟಿದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಒಂದು ಕಿಡ್ನಿ ಯಾವಾಗಲೋ ಕೆಟ್ಟಿದೆ. ಇದ್ದ ಇನ್ನೊಂದರಲ್ಲಿ 2.2 ಸೆಂಟಿಮೀಟರ್ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಆಳು ಗಟ್ಟಿಮುಟ್ಟಾಗಿದ್ದರೆ ಗಡ್ಡೆಯಷ್ಟನ್ನೇ ಕೊಯ್ದು ತೆಗೆಯುವ ಆಪರೇಷನ್ನೇ ಒಳ್ಳೆಯದು ಅಂತ ನಾನೂ ಹೇಳುತ್ತೇನೆ. ಇವರಿಗೆ ಅದು ಜಾಸ್ತಿ ಅಪಾಯ. ಕಿಡ್ನಿ ಆಪರೇಷನ್ ಮಾಡುವ ಯುರಾಲಜಿಸ್ಟ್ ಅವರೇ ಮಂಗಳೂರಿಗೆ ನನ್ನ ಹತ್ತಿರ ಕಳಿಸಿದರು. ಸ್ಕ್ಯಾನ್ ನೋಡಿಕೊಂಡು ಸೂಜಿ ಚುಚ್ಚಿ, ಗಡ್ಡೆಯನ್ನು ಒಳಗೇ ಬಿಸಿಯಿಂದ ಸುಡುವುದು ನನ್ನ ಕೆಲಸ.

"ಹೊಟ್ಟೆ ಕೊಯ್ಯಲಿಕ್ಕಿಲ್ವಾ ಡಾಕ್ಟ್ರೇ?"

"ಇಲ್ಲ. ಬೆನ್ನಿನಿಂದ ಒಂದು ಸೂಜಿ ಅಷ್ಟೆ."

ಅಷ್ಟೆ ಅಂದದ್ದು ಸ್ವಲ್ಪ ಜಾಸ್ತಿಯಾಯಿತು. ಹಳೆಯ ಸಿಟಿ ಸ್ಕ್ಯಾನ್ ಅಂಗಾತ ಮಲಗಿಸಿ ತೆಗೆದದ್ದು. ಅದರಲ್ಲಿ ದೊಡ್ಡ ಕರುಳು ದೂರವಿತ್ತು. ಸುಡುವ ದಿನ ಕವುಚಿ ಮಲಗಿಸಿ ನೋಡಿದರೆ ಗಡ್ಡೆಗೆ ಆತುಕೊಂಡೇ ಕೂತಿದೆ! ಹಾಗೇ ಸುಟ್ಟರೆ ಕರುಳು ತೂತಾಗುತ್ತದೆ. ನಾನು ಮೊದಲೇ ಯೋಚಿಸಬೇಕಿತ್ತು.

ಇನ್ನೊಂದು ಸಪೂರ ಸೂಜಿ ಹಾಕಿ, ಗಡ್ಡೆ ಮತ್ತು ಕರುಳಿನ ನಡುವೆ ನೀರು ತುಂಬಿಸಲು ಶುರು ಮಾಡಿದೆ. ಸಲೈನ್ ಅಲ್ಲ, 5% ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರು. ನಾವು ಸುಡುವ ರೇಡಿಯೋ ಫ್ರೀಕ್ವೆನ್ಸಿ ವಿಧಾನದಲ್ಲಿ ಸೂಜಿಯಿಂದ ಕರೆಂಟ್ ಹರಿಯುತ್ತದೆ. ಸಲೈನಿನ ಉಪ್ಪು ಅದನ್ನು ಕರುಳಿನವರೆಗೂ ಒಯ್ಯುತ್ತದೆ. ಸ್ಕ್ಯಾನಿನಲ್ಲಿ ಕಾಣಲಿ ಅಂತ ಅದಕ್ಕೆ ಎರಡು ಹನಿ ಕಾಂಟ್ರಾಸ್ಟ್. ಮೊದಲ ಸಲ ನೀರೆಲ್ಲ ಕೆಳಗೆ ಜಾರಿತು, ಕರುಳು ಅಲ್ಲಾಡಲಿಲ್ಲ. ಸೂಜಿಯ ತುದಿ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಹಾಕಿದೆ. ಪರದೆಯ ಮೇಲೆ ಬಿಳಿ ಪಟ್ಟಿಯೊಂದು ನಿಧಾನಕ್ಕೆ ಅಗಲವಾಯಿತು. ಕರುಳು ದೂರ ಸರಿಯಿತು. ಇಷ್ಟಕ್ಕೇ ಮುಕ್ಕಾಲು ಗಂಟೆ!

ಸುಡಲಿಕ್ಕೆ 12 ನಿಮಿಷ. ಸೂಜಿ ಸ್ವಲ್ಪ ಸರಿಸಿ ಮತ್ತೆ 12. ಸುತ್ತ ಅರ್ಧ ಸೆಂಟಿಮೀಟರ್ ಒಳ್ಳೆಯ ಭಾಗವೂ ಬೇಯಬೇಕು, ಇಲ್ಲದಿದ್ದರೆ ಅಂಚಿನಲ್ಲಿ ರೋಗ ಉಳಿದೀತು. ಬಿಸಿ 60 ಡಿಗ್ರಿ ದಾಟಿದರೆ ಜೀವಕೋಶ ಸಾಯುತ್ತದೆ. 100 ದಾಟಿದರೆ ಸೂಜಿಯ ಸುತ್ತ ಕರಕಲಾಗಿ ಬಿಸಿ ಮುಂದೆ ಹೋಗುವುದಿಲ್ಲ. ಕಾವಲಿ ಜಾಸ್ತಿ ಕಾದರೆ ದೋಸೆ ಸೀದು ಒಳಗೆ ಹಸಿ ಉಳಿಯುತ್ತದಲ್ವಾ, ಹಾಗೆ. ಅದಕ್ಕೇ ಸೂಜಿಯೊಳಗೆ ತಣ್ಣೀರು ಓಡುತ್ತಿರುತ್ತದೆ.

ಮರುದಿನ ಮನೆಗೆ ಹೋದರು. ಮೂರು ತಿಂಗಳಾಗಿ, ಜುಲೈಯಲ್ಲಿ, ಸ್ಕ್ಯಾನ್ ನೋಡಿ ಅವರ ಮುಖ ಸಪ್ಪೆಯಾಯಿತು. "ಇದು ಅಲ್ಲೇ ಉಂಟಲ್ಲ ಮಾರಾಯ್ರೆ!"

ಉಂಟು, ಸತ್ತ ಗಡ್ಡೆ ಕೂಡಲೇ ಮಾಯವಾಗುವುದಿಲ್ಲ. ಕಾಂಟ್ರಾಸ್ಟ್ ಕೊಟ್ಟಾಗ ಉಳಿದ ಕಿಡ್ನಿಯೆಲ್ಲ ಬೆಳಗುತ್ತದೆ, ಅದೊಂದು ಮಾತ್ರ ಕಪ್ಪಗೆ ಉಳಿಯುತ್ತದೆ. ಬೆರಳಿಟ್ಟು ತೋರಿಸಿದೆ. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು.

"ಹಾಗಾದ್ರೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟ್ ಇಳಿಸಬಹುದಾ?"